ರಿಚ್ಮಂಡ್ ನಗರದ ವಿದ್ಯುತ್ ಟ್ರಾಮ್ ವ್ಯವಸ್ಥೆ

ರಿಚ್ಮಂಡ್ ಯೂನಿಯನ್ ಪ್ಯಾಸೆಂಜರ್ ರೈಲ್ವೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಜೀನಿಯ ರಾಜ್ಯದ ರಾಜಧಾನಿಯಾದ ರಿಚ್ಮಂಡ್‌ನಲ್ಲಿ 1888ರ ಫೆಬ್ರವರಿ 2ರಂದು ನಿಯತ ಸಂಚಾರ ಆರಂಭಿಸಿದ ವಿದ್ಯುತ್ ಟ್ರಾಮ್ ವ್ಯವಸ್ಥೆ. ಇದು ಜಗತ್ತಿನ ಮೊತ್ತಮೊದಲ ವಿದ್ಯುತ್ ಟ್ರಾಮ್ ಅಲ್ಲ. 1881ರಲ್ಲಿಯೇ ಬರ್ಲಿನ್ ಬಳಿಯ ಲಿಖ್ಟರ್‌ಫೆಲ್ಡೆಯಲ್ಲಿ ಸೀಮೆನ್ಸ್ ಸಂಸ್ಥೆ ಅಂಥದೊಂದನ್ನು ಓಡಿಸಿತ್ತು. ಆದರೆ ಒಂದು ಇಡೀ ನಗರದ ಸಂಚಾರವನ್ನು ಹೊರಬಲ್ಲ ದೊಡ್ಡ ಪ್ರಮಾಣದ ವ್ಯವಸ್ಥೆಯಾಗಿ ಯಶಸ್ಸು ಕಂಡದ್ದು ರಿಚ್ಮಂಡ್‌ನಲ್ಲಿ. ಮುಂದಿನ ಅರವತ್ತು ವರ್ಷಗಳಲ್ಲಿ ಆ ನಗರ ಎತ್ತ ಬೆಳೆಯಿತು, ಅಲ್ಲಿ ಯಾರು ಎಲ್ಲಿ ನೆಲೆಸಿದರು ಎಂಬುದರಲ್ಲಿ ಈ ಹಳಿಗಳ ಪಾತ್ರ ದೊಡ್ಡದು.

ಹಿನ್ನೆಲೆ

ಜೇಮ್ಸ್ ನದಿಯ ದಂಡೆಯ ಮೇಲೆ, ಹಲವು ಗುಡ್ಡಗಳ ಮೇಲೆ ಹರಡಿರುವ ರಿಚ್ಮಂಡ್, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಒಕ್ಕೂಟದ ರಾಜಧಾನಿಯಾಗಿತ್ತು. 1865ರ ಏಪ್ರಿಲ್‌ನಲ್ಲಿ ನಗರದ ವ್ಯಾಪಾರ ಕೇಂದ್ರ ಬೆಂಕಿಗೆ ಆಹುತಿಯಾಯಿತು. ಯುದ್ಧಾನಂತರ ತಂಬಾಕು, ಹಿಟ್ಟಿನ ಗಿರಣಿ ಮತ್ತು ಕಬ್ಬಿಣದ ಉದ್ಯಮಗಳು ಅದನ್ನು ಮತ್ತೆ ಎತ್ತಿ ನಿಲ್ಲಿಸಿದವು.

ಆ ಕಾಲದ ಇತರ ನಗರಗಳಂತೆ ಇಲ್ಲಿಯೂ ಜನರು ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟು ದೂರದಲ್ಲಿಯೇ ವಾಸಿಸಬೇಕಾಗಿತ್ತು. ಕುದುರೆಗಳು ಎಳೆಯುವ ಟ್ರಾಮ್ ಇತ್ತಾದರೂ ಅದರ ವೇಗ ಚುರುಕಾಗಿ ನಡೆಯುವವನಿಗಿಂತ ಹೆಚ್ಚೇನೂ ಇರಲಿಲ್ಲ. ಒಂದು ಗಾಡಿಗೆ ದಿನಕ್ಕೆ ಹಲವು ಸಲ ಕುದುರೆ ಬದಲಿಸಬೇಕಿತ್ತು. ಲಾಯ, ಮೇವು, ಸಗಣಿಯ ವಿಲೇವಾರಿ ಎಲ್ಲವೂ ಕಂಪನಿಯ ಖರ್ಚಿಗೆ ಸೇರುತ್ತಿದ್ದವು. 1872ರಲ್ಲಿ ಉತ್ತರ ಅಮೆರಿಕದಾದ್ಯಂತ ಹರಡಿದ ಕುದುರೆ ಜ್ವರ ಅನೇಕ ನಗರಗಳ ಸಂಚಾರವನ್ನೇ ನಿಲ್ಲಿಸಿತ್ತು. ಕಡಿದಾದ ಏರುಗಳಿದ್ದ ರಿಚ್ಮಂಡ್‌ನಲ್ಲಂತೂ ಪ್ರಾಣಿಬಲದ ಮಿತಿ ದಿನವೂ ಕಣ್ಣಿಗೆ ಕಾಣುತ್ತಿತ್ತು.

ಸ್ಪ್ರೇಗ್‌ನ ಒಪ್ಪಂದ

ಫ್ರಾಂಕ್ ಜೂಲಿಯನ್ ಸ್ಪ್ರೇಗ್ (1857–1934) ಅಮೆರಿಕದ ನೌಕಾ ಅಕಾಡೆಮಿಯ ಪದವೀಧರ. ಥಾಮಸ್ ಎಡಿಸನ್‌ನ ಬಳಿ ಕೆಲಕಾಲ ಕೆಲಸ ಮಾಡಿ, 1884ರಲ್ಲಿ ಸ್ವಂತ ಕಂಪನಿ ಸ್ಥಾಪಿಸಿದನು. 1887ರಲ್ಲಿ ರಿಚ್ಮಂಡ್‌ನವರೊಂದಿಗೆ ಆತ ಮಾಡಿಕೊಂಡ ಒಪ್ಪಂದವನ್ನು ಸಾಹಸವೆನ್ನುವುದಕ್ಕಿಂತ ದುಸ್ಸಾಹಸವೆನ್ನುವುದೇ ಸರಿ. ಸುಮಾರು 19 ಕಿಲೋಮೀಟರ್ ಮಾರ್ಗ, 40 ಗಾಡಿಗಳು, 80 ಮೋಟಾರುಗಳು, 375 ಅಶ್ವಶಕ್ತಿಯ ವಿದ್ಯುದಾಗಾರ, ಇಷ್ಟನ್ನೂ 90 ದಿನಗಳಲ್ಲಿ ಒದಗಿಸಬೇಕು. ವ್ಯವಸ್ಥೆ ತೃಪ್ತಿಕರವಾಗಿ ನಡೆದರೆ ಮಾತ್ರ 1,10,000 ಡಾಲರ್ ಸಂದಾಯ. ಒಪ್ಪಂದಕ್ಕೆ ಸಹಿ ಬೀಳುವಾಗ ಆ ಮೋಟಾರುಗಳ ವಿನ್ಯಾಸವೇ ಪೂರ್ಣಗೊಂಡಿರಲಿಲ್ಲ.

ಅಷ್ಟರಲ್ಲಿ ಸ್ಪ್ರೇಗ್ ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದನು. ಕೆಲಸವನ್ನು ಆಸ್ಕರ್ ಕ್ರಾಸ್ಬಿ ಮತ್ತು ಡೇನಾ ಗ್ರೀನ್ ಎಂಬ ಸಹಾಯಕರು ಮುಂದುವರಿಸಿದರು. ಚೇತರಿಸಿಕೊಂಡು ಬಂದ ಸ್ಪ್ರೇಗ್ ಕಂಡದ್ದು ಕೆಂಪು ಜೇಡಿಮಣ್ಣಿನ ಮೇಲೆ ಹಾಸಿದ ಹಗುರ ಹಳಿಗಳನ್ನು, ಕೆಲವೆಡೆ ನೂರಕ್ಕೆ ಹತ್ತರಷ್ಟಿದ್ದ ಏರುಗಳನ್ನು. ಆ ವರ್ಷದ ಕೊನೆಯ ಭಾಗದಲ್ಲಿ ರಾತ್ರಿ ವೇಳೆ ನಡೆಸಿದ ಪರೀಕ್ಷೆಯೊಂದರಲ್ಲಿ ಗಾಡಿ ಗುಡ್ಡಗಳನ್ನು ಹತ್ತಿತಾದರೂ ಅದರ ಮೋಟಾರ್ ಕೆಟ್ಟು ನಿಂತಿತು. ಸುತ್ತ ನೆರೆದಿದ್ದ ಜನರ ಮುಂದೆ ಸ್ಪ್ರೇಗ್, ದೋಷ ಪತ್ತೆಗೆ 'ಉಪಕರಣ' ತರಿಸುವಂತೆ ಗಂಭೀರವಾಗಿ ಹೇಳಿ, ದೀಪ ಆರಿಸಿ ಕಾದು ಕುಳಿತನು. ಜನ ಚದುರಿದ ಮೇಲೆ ಬಂದ ಉಪಕರಣಗಳೆಂದರೆ ನಾಲ್ಕು ಹೇಸರಗತ್ತೆಗಳು. ಈ ಪ್ರಸಂಗವನ್ನು ಮುಂದೆ ಆತನೇ ಬರೆದಿಟ್ಟಿದ್ದಾನೆ.

ಕಾರ್ಯವಿಧಾನ

ವಿದ್ಯುದಾಗಾರದಲ್ಲಿ ಉಗಿಯಂತ್ರಗಳಿಂದ ಉತ್ಪಾದಿಸಿದ ಸುಮಾರು 450 ವೋಲ್ಟಿನ ಏಕಮುಖ ವಿದ್ಯುತ್ತು ಬೀದಿಯ ಮೇಲೆ ಎಳೆದ ತಂತಿಯಲ್ಲಿ ಹರಿಯುತ್ತಿತ್ತು. ಗಾಡಿಯ ಮಾಡಿನ ಮೇಲಿನ ಟ್ರಾಲಿ ಕೋಲು ಸ್ಪ್ರಿಂಗಿನ ಒತ್ತಡದಿಂದ ತನ್ನ ತುದಿಯ ಚಕ್ರವನ್ನು ಆ ತಂತಿಯ ಕೆಳಮೈಗೆ ತಾಗಿಸಿಕೊಂಡೇ ಸಾಗುತ್ತಿತ್ತು. ಮೋಟಾರಿನ ಮೂಲಕ ಹಾದ ವಿದ್ಯುತ್ತು ಹಳಿಗಳ ದಾರಿಯಾಗಿ ಹಿಂದಿರುಗುತ್ತಿತ್ತು.

ಸ್ಪ್ರೇಗ್‌ನ ಮುಖ್ಯ ಕೊಡುಗೆ ಮೋಟಾರನ್ನು ಕೂರಿಸಿದ ರೀತಿ. ಮೋಟಾರಿನ ಒಂದು ಬದಿಯನ್ನು ಗಾಲಿಯ ಅಚ್ಚಿಗೂ ಇನ್ನೊಂದು ಬದಿಯನ್ನು ಸ್ಪ್ರಿಂಗಿನ ಮೂಲಕ ಗಾಡಿಯ ಚೌಕಟ್ಟಿಗೂ ತೂಗುಹಾಕಲಾಯಿತು. ಇದನ್ನು ತಳ್ಳುಗಾಡಿಗೆ ಹೋಲಿಸಬಹುದು: ಅದರ ಭಾರದ ಒಂದಂಶ ಚಕ್ರದ ಮೇಲೆ, ಉಳಿದದ್ದು ಹಿಡಿಕೆಯ ಮೇಲೆ. ಇದರಿಂದ ಹಳಿ ಎಷ್ಟೇ ಕುಲುಕಿದರೂ ಹಲ್ಲುಗಾಲಿಗಳು ಒಂದನ್ನೊಂದು ಬಿಡುತ್ತಿರಲಿಲ್ಲ. ಈ ಜೋಡಣೆ ಮುಂದೆ ಟ್ರಾಮ್ ಮತ್ತು ರೈಲುಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು.

ಒಪ್ಪಂದದಲ್ಲಿ ಸ್ಪ್ರೇಗ್‌ಗೆ ನಷ್ಟವೇ ಆಯಿತು. ಆದರೆ 1888ರ ಬೇಸಿಗೆಯಲ್ಲಿ ಬಾಸ್ಟನ್‌ನ ಟ್ರಾಮ್ ಕಂಪನಿಯ ಮುಖ್ಯಸ್ಥ ಹೆನ್ರಿ ವಿಟ್ನಿ ರಿಚ್ಮಂಡ್‌ಗೆ ಬಂದನು. ಅನೇಕ ಗಾಡಿಗಳು ಒಂದೇ ಕಡೆ ಒಟ್ಟಾಗಿ ಹೊರಟರೆ ವಿದ್ಯುತ್ತು ಸಾಲುವುದೇ ಎಂಬುದು ಬಾಸ್ಟನ್‌ನವರ ಸಂಶಯವಾಗಿತ್ತು. ಸ್ಪ್ರೇಗ್ ರಾತ್ರಿ 22 ಗಾಡಿಗಳನ್ನು ಮಾರ್ಗದ ಒಂದು ತುದಿಯಲ್ಲಿ ಸಾಲಾಗಿ ನಿಲ್ಲಿಸಿ, ಒಂದರ ಹಿಂದೆ ಒಂದನ್ನು ಹೊರಡಿಸಿದನು. ದೀಪಗಳು ಮಂಕಾದರೂ ಗಾಡಿಗಳು ನಿಲ್ಲಲಿಲ್ಲ. ಬಾಸ್ಟನ್ ವಿದ್ಯುತ್ತನ್ನೇ ಆರಿಸಿಕೊಂಡಿತು. ಇತರ ನಗರಗಳು ಹಿಂಬಾಲಿಸಿದವು. 1890ರಲ್ಲಿ ಸ್ಪ್ರೇಗ್‌ನ ಕಂಪನಿ ಎಡಿಸನ್ ಜನರಲ್ ಎಲೆಕ್ಟ್ರಿಕ್‌ನಲ್ಲಿ ವಿಲೀನವಾಯಿತು. ಅದರಿಂದ 1892ರಲ್ಲಿ ರೂಪುಗೊಂಡ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯೇ ಮುಂದೆ ಮೈಸೂರು ಸಂಸ್ಥಾನದ ಶಿವನಸಮುದ್ರ ಜಲವಿದ್ಯುತ್ ಕೇಂದ್ರಕ್ಕೆ (1902) ಯಂತ್ರಗಳನ್ನು ಪೂರೈಸಿತು.

ನಗರದ ವಿಸ್ತರಣೆ

ಟ್ರಾಮ್ ಬಂದ ಮೇಲೆ ದೂರವನ್ನು ಮೈಲಿಯಲ್ಲಲ್ಲ, ನಿಮಿಷಗಳಲ್ಲಿ ಅಳೆಯುವಂತಾಯಿತು. ನಗರದ ಉತ್ತರಕ್ಕೆ ಬಾರ್ಟನ್ ಹೈಟ್ಸ್, ಹೈಲ್ಯಾಂಡ್ ಪಾರ್ಕ್, ತಂಬಾಕು ವ್ಯಾಪಾರಿ ಲೂಯಿಸ್ ಗಿಂಟರ್‌ನ ಹೆಸರಿನ ಗಿಂಟರ್ ಪಾರ್ಕ್, ನದಿಯಾಚೆ ದಕ್ಷಿಣಕ್ಕೆ ವುಡ್‌ಲ್ಯಾಂಡ್ ಹೈಟ್ಸ್ ಮತ್ತು ಫಾರೆಸ್ಟ್ ಹಿಲ್ ಬಡಾವಣೆಗಳು ಟ್ರಾಮ್ ಮಾರ್ಗಗಳ ಗುಂಟ ತಲೆಯೆತ್ತಿದವು. ಹೊಲವಾಗಿದ್ದ ಭೂಮಿ ನಿವೇಶನವಾಗಿ ಮಾರಾಟವಾಯಿತು. ಭಾನುವಾರದ ಪ್ರಯಾಣಿಕರನ್ನು ಸೆಳೆಯಲು ಮಾರ್ಗದ ಕೊನೆಯಲ್ಲಿ ಫಾರೆಸ್ಟ್ ಹಿಲ್‌ನಂಥ ವಿಹಾರ ಉದ್ಯಾನಗಳು ಹುಟ್ಟಿಕೊಂಡವು. 1914ರಲ್ಲಿ ಈ ಬಡಾವಣೆಗಳು ನಗರದ ಆಡಳಿತ ವ್ಯಾಪ್ತಿಗೆ ಸೇರಿದವು.

ಈ ಬೆಳವಣಿಗೆಯ ಫಲ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ಹೊಸ ಬಡಾವಣೆಗಳು ಮುಖ್ಯವಾಗಿ ಬಿಳಿಯ ಮಧ್ಯಮ ವರ್ಗಕ್ಕಾಗಿ ನಿರ್ಮಾಣಗೊಂಡವು. ಕರಿಯರ ಬದುಕು ಮತ್ತು ವ್ಯಾಪಾರ ನಗರದೊಳಗಿನ ಜಾಕ್ಸನ್ ವಾರ್ಡ್‌ನಂಥ ಪ್ರದೇಶಗಳಲ್ಲಿ ಕೇಂದ್ರೀಕೃತವಾಯಿತು. ವಾಸದ ಬೀದಿಗಳನ್ನೇ ವರ್ಣದ ಆಧಾರದಲ್ಲಿ ವಿಂಗಡಿಸುವ ಕಟ್ಟಳೆಯನ್ನು ನಗರಸಭೆ 1911ರಲ್ಲಿ ಜಾರಿಗೆ ತಂದಿತು.

1904ರ ಬಹಿಷ್ಕಾರ

ಟ್ರಾಮ್‌ಗಳಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆಬೇರೆ ಕೂರಿಸಲು ಕಂಪನಿಗಳಿಗೆ ಅವಕಾಶ ನೀಡುವ ಕಾನೂನನ್ನು ವರ್ಜೀನಿಯ ಶಾಸನಸಭೆ 1904ರಲ್ಲಿ ಅಂಗೀಕರಿಸಿತು. ಕಾನೂನು ಅವಕಾಶವನ್ನಷ್ಟೇ ಕೊಟ್ಟಿತ್ತು, ಕಡ್ಡಾಯ ಮಾಡಿರಲಿಲ್ಲ. ಹಾಗಿದ್ದೂ ರಿಚ್ಮಂಡ್‌ನ ಟ್ರಾಮ್‌ಗಳನ್ನು ಆಗ ನಡೆಸುತ್ತಿದ್ದ ವರ್ಜೀನಿಯ ಪ್ಯಾಸೆಂಜರ್ ಅಂಡ್ ಪವರ್ ಕಂಪನಿ ಏಪ್ರಿಲ್‌ನಲ್ಲಿ ಅದನ್ನು ಅನುಷ್ಠಾನಕ್ಕೆ ತಂದಿತು. ಯಾರು ಎಲ್ಲಿ ಕೂರಬೇಕೆಂದು ನಿರ್ಧರಿಸುವ ಅಧಿಕಾರ ಕಂಡಕ್ಟರನ ಕೈಯಲ್ಲಿತ್ತು.

'ರಿಚ್ಮಂಡ್ ಪ್ಲಾನೆಟ್' ಪತ್ರಿಕೆಯ ಸಂಪಾದಕ ಜಾನ್ ಮಿಚೆಲ್ ಜೂನಿಯರ್, ಬ್ಯಾಂಕ್ ಸ್ಥಾಪಕಿ ಮ್ಯಾಗಿ ವಾಕರ್ ಮೊದಲಾದವರು ಟ್ರಾಮ್ ಹತ್ತದಿರುವಂತೆ ಕರಿಯ ಸಮುದಾಯಕ್ಕೆ ಕರೆ ನೀಡಿದರು. ತಂಬಾಕು ಕಾರ್ಖಾನೆಯ ಕೆಲಸಗಾರರಿಗೂ ಮನೆಗೆಲಸದ ಹೆಂಗಸರಿಗೂ ಇದರ ಅರ್ಥ, ದಿನವೂ ಗುಡ್ಡ ಹತ್ತಿಳಿದು ನಡೆಯುವುದು ಎಂದಾಗಿತ್ತು. ಅವರು ತಿಂಗಳುಗಟ್ಟಲೆ ನಡೆದರು. ಹಿಂದಿನ ವರ್ಷವಷ್ಟೇ ನೌಕರರ ಮುಷ್ಕರದಿಂದ ಪೆಟ್ಟು ತಿಂದಿದ್ದ ಕಂಪನಿ ಅದೇ ವರ್ಷ ದಿವಾಳಿಯ ಅಂಚಿಗೆ ಬಂದು ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ವಶವಾಯಿತು. ಅದಕ್ಕೆ ಬಹಿಷ್ಕಾರವೂ ಒಂದು ಕಾರಣ. ಆದರೂ ನಿಯಮ ಹಿಂತೆಗೆಯಲ್ಪಡಲಿಲ್ಲ. 1906ರಲ್ಲಿ ರಾಜ್ಯವೇ ಪ್ರತ್ಯೇಕ ಆಸನವನ್ನು ಕಡ್ಡಾಯಗೊಳಿಸಿತು. ಬಹುಪಾಲು ವಿದ್ಯಾರ್ಥಿಗಳು ಓದುವ 1955ರ ಮಾಂಟ್ಗೊಮೆರಿ ಬಸ್ ಬಹಿಷ್ಕಾರಕ್ಕಿಂತ ಈ ಹೋರಾಟ ಅರ್ಧ ಶತಮಾನ ಹಿಂದಿನದು. ದಕ್ಷಿಣದ ಇಪ್ಪತ್ತೈದಕ್ಕೂ ಹೆಚ್ಚು ನಗರಗಳಲ್ಲಿ ಆ ಕಾಲದಲ್ಲಿ ಇಂಥ ಬಹಿಷ್ಕಾರಗಳು ನಡೆದವು.

ಅಂತ್ಯ

ಮೋಟಾರು ಕಾರು ಮತ್ತು ಬಸ್ಸುಗಳ ಪೈಪೋಟಿಯಿಂದ ಟ್ರಾಮ್ ಕ್ರಮೇಣ ಹಿಂದೆ ಸರಿಯಿತು. ರಿಚ್ಮಂಡ್‌ನ ಕೊನೆಯ ಟ್ರಾಮ್ 1949ರ ನವೆಂಬರ್ 25ರಂದು ಓಡಿತು. ಮರುದಿನದಿಂದ ಆ ಬೀದಿಗಳಲ್ಲಿ ಬಸ್ಸುಗಳು ಸಂಚರಿಸಿದವು. ಅವುಗಳಲ್ಲಿಯೂ ಆಸನಗಳು ಹಿಂದಿನಂತೆಯೇ ಪ್ರತ್ಯೇಕವಾಗಿದ್ದವು.