ಗಂಜಿ ಪಥ್ಯದಲ್ಲಿ ಸಿಡುಕು ಏಕೆ?



ನಮ್ಮ ಬಿಂಡಿಗನವಿಲೆ ಹೋಬಳಿಯವರು ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಯಲ್ಲಿಯೋ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿಯೋ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡರೆ, ಕೆಲವು ದಿನ ನೀರಾದ ಆಹಾರವೇ ಪಥ್ಯವಾಗುವುದುಂಟು. ಆಗ ರೋಗಿ ಸುಮ್ಮಸುಮ್ಮನೆ ರೇಗಿದರೆ, ಅತ್ತರೆ, ಕೆಟ್ಟ ಗುಣವೆಂದೋ ಗಾಳಿ ಸೋಕಿತೆಂದೋ ತಿಳಿಯಬಾರದು. ನೋವು, ನಿದ್ದೆಗೇಡು ಕಾರಣವಿರಬಹುದು. ರಕ್ತದ ಸಕ್ಕರೆಯ ಏರಿಳಿತವೂ ಇರಬಹುದು.

ಮಿದುಳು ನಡೆಯುವುದು ಮುಖ್ಯವಾಗಿ ಸಕ್ಕರೆಯಿಂದ. ಮುದ್ದೆ ನಿಧಾನವಾಗಿ ಅರಗುತ್ತದೆ. ಪಾನಕ, ಕಬ್ಬಿನ ಹಾಲು ಸಕ್ಕರೆಯನ್ನು ಥಟ್ಟನೆ ಏರಿಸುತ್ತವೆ. ಕೆಲವರಲ್ಲಿ ಅದು ಅಷ್ಟೇ ಬೇಗ ಇಳಿಯುತ್ತದೆ. ಆದುದರಿಂದ ಹಾಲು, ಮಜ್ಜಿಗೆ, ಬೇಳೆಕಟ್ಟು, ತೆಳು ರಾಗಿಗಂಜಿ, ಇವುಗಳಲ್ಲಿ ವೈದ್ಯರು ಒಪ್ಪಿದುದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿರಿ.

ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು. ಊಟ ಕಡಮೆಯಾದಾಗ ಮಾತ್ರೆ, ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ನಡೆದರೆ ಸಕ್ಕರೆ ತೀರ ಇಳಿದೀತು. ತಾವಾಗಿ ನಿಲ್ಲಿಸಲೂ ಬಾರದು. ಆಪರೇಷನ್ನಿನ ಆಯಾಸಕ್ಕೇ ಸಕ್ಕರೆ ಏರುವುದುಂಟು. ಹೊಸ ಪ್ರಮಾಣವನ್ನು ಮನೆಗೆ ಹೊರಡುವ ದಿನವೇ ವೈದ್ಯರಿಂದ ಬರೆಯಿಸಿಕೊಳ್ಳಿರಿ.

ಸಿಡುಕಿನೊಂದಿಗೆ ಬೆವರು, ನಡುಕ, ಮಂಕು ಕಂಡರೆ ಸಕ್ಕರೆ ಪರೀಕ್ಷಿಸಿರಿ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಮೆಯಿದ್ದರೆ 3 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ನೋಡಿರಿ. ಯಂತ್ರವಿಲ್ಲದಿದ್ದರೆ ಕಾಯದೆ ಕುಡಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿರಿ.

ರೋಗಿಯನ್ನು ಗದರಿಸುವ ಮೊದಲು ಸಕ್ಕರೆ ನೋಡಿರಿ.