ಬೆಂಗಳೂರು ಬಿಟ್ಟು ಮೈಸೂರಿಗೆ: ಹೊರಡುವ ಕುಟುಂಬಗಳ ಲೆಕ್ಕಾಚಾರ

ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ, ನಿವೃತ್ತಿಯ ಅಂಚಿಗೆ ಬಂದ ಕುಟುಂಬಗಳ ನಡುವೆ, ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಇರುವ ಮನೆಯನ್ನು ಮಾರಿ ಮೈಸೂರಿಗೆ ಹೋಗಿ ನೆಲೆಸಿದರೆ ಹೇಗೆ? ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಜನ ಸೇರಿದಾಗ ಈ ಮಾತು ಬರುತ್ತದೆ. ನಮ್ಮ ಅಭಿಪ್ರಾಯವನ್ನು ಕೇಳಿದವರೂ ಉಂಟು. ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ವಿಷಯ ಇದಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಹೊರಡಬೇಕೆನ್ನುವವರ ಕಾರಣಗಳು ಗಟ್ಟಿಯಾದವೇ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷವನ್ನು ದಾಟಿತ್ತು. ಮೈಸೂರಿನದು ಸುಮಾರು 9 ಲಕ್ಷ. ಅಲ್ಲಿಂದೀಚೆಗೆ ಎರಡೂ ಬೆಳೆದಿವೆಯಾದರೂ ಒಂದು ನಗರದ ಬೆಳವಣಿಗೆ ಉಸಿರುಗಟ್ಟಿಸುತ್ತದೆ, ಮತ್ತೊಂದರದು ಇನ್ನೂ ಹಾಗಾಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ನೀರಿನ ಟ್ಯಾಂಕರಿಗಾಗಿ ಜನರು ಹಗಲಿರುಳು ಕಾದದ್ದನ್ನು ಯಾರೂ ಮರೆತಿಲ್ಲ. ಅತ್ತ 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಗೊಂಡಿತು. ರೈಲಿನ ಜೋಡಿಮಾರ್ಗ ಅದಕ್ಕೂ ಮುಂಚೆಯೇ ಸಿದ್ಧವಾಗಿತ್ತು. ಅದಕ್ಕಾಗಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಬೇಕಾಯಿತು. ಹೀಗೆ ದಾರಿ ಹತ್ತಿರವಾದುದರಿಂದ ಮನಸ್ಸೂ ಹತ್ತಿರವಾಯಿತು ಎನ್ನಬಹುದು.

ಆದರೆ ದಾರಿ ಹತ್ತಿರವಾದ ಮಾತ್ರಕ್ಕೆ ದಿನನಿತ್ಯ ಓಡಾಡಬಹುದೆಂದು ತಿಳಿಯುವುದು ಸರಿಯಲ್ಲ. ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಪ್ರತಿದಿನ ಬೆಳಿಗ್ಗೆ ಹೋಗಿ ರಾತ್ರಿ ಮರಳುವ ನೌಕರರು ಬಹಳ ಕಾಲದಿಂದ ಇದ್ದಾರೆ, ನಿಜ. ಆದರೆ ಕಚೇರಿ ಮೆಜೆಸ್ಟಿಕ್ಕಿನ ಆಸುಪಾಸಿನಲ್ಲಿರುವುದು ಬೇರೆ, ವೈಟ್‌ಫೀಲ್ಡಿನಲ್ಲಿರುವುದು ಬೇರೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೊ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ಣಗೊಂಡು ಕೆಂಗೇರಿಯಲ್ಲಿಳಿದವರಿಗೆ ಅನುಕೂಲವಾಯಿತು. ಆದರೂ ರೈಲು, ಮೆಟ್ರೊ, ನಡಿಗೆ ಎಲ್ಲ ಸೇರಿದರೆ ದಿನದ ಐದಾರು ಗಂಟೆ ಪ್ರಯಾಣಕ್ಕೇ ಮೀಸಲು. ಮನೆಯಲ್ಲಿ ದುಡಿಯುವವರೊಬ್ಬರು ವಾರದ ಐದು ದಿನವೂ ಬೆಂಗಳೂರಿಗೆ ಬರಲೇಬೇಕಾಗಿದ್ದರೆ ಆ ಕುಟುಂಬ ಸದ್ಯಕ್ಕೆ ಹೊರಡದಿರುವುದೇ ಲೇಸು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಮ್ಮ ಪರಿಚಯದ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಯಜಮಾನರು ಕಾರ್ಖಾನೆಯೊಂದರಿಂದ ನಿವೃತ್ತರು. ಪತ್ನಿ ಶಾಲಾ ಶಿಕ್ಷಕಿಯಾಗಿದ್ದವರು. ಮನೆಯಲ್ಲಿ ಎಂಬತ್ತನಾಲ್ಕು ವರ್ಷದ, ಹೃದಯದ ತೊಂದರೆಯಿರುವ ತಾಯಿ. ಮಗನಿಗೆ ಬೆಂಗಳೂರಿನಲ್ಲೇ ಕೆಲಸ, ಅವನದು ಬೇರೆ ಸಂಸಾರ. ಮಗಳ ಓದಿಗಾಗಿ ಮಾಡಿದ ಸಾಲ ಇನ್ನೂ ತೀರಿಲ್ಲ. ಮನೆಯನ್ನು ಮಾರಿದರೆ ಸಾಲ ತೀರಿಸಿ, ಮೈಸೂರಿನಲ್ಲಿ ಮನೆ ಕೊಂಡು, ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು ನೆಮ್ಮದಿಯಿಂದಿರಬಹುದು ಎಂಬುದು ಯಜಮಾನರ ಎಣಿಕೆ. ಪತ್ನಿಯ ಆತಂಕ ಹಣದ್ದಲ್ಲ. ಮೂವತ್ತೆರಡು ವರ್ಷ ಒಂದೇ ಬೀದಿಯಲ್ಲಿದ್ದವರು ಅವರು. ಎರಡು ದಿನ ಕಾಣಿಸದಿದ್ದರೆ ಬಾಗಿಲು ತಟ್ಟಿ ವಿಚಾರಿಸುವವರು ಅಲ್ಲಿದ್ದಾರೆ. ಹೊಸ ಊರಿನಲ್ಲಿ ಯಾರು ತಟ್ಟುತ್ತಾರೆ ಎಂದು ಅವರು ಕೇಳಿದಾಗ ಯಜಮಾನರ ಬಳಿ ಉತ್ತರವಿರಲಿಲ್ಲ. ಇನ್ನು ಹಿರಿಯ ತಾಯಿಯವರ ಚಿಂತೆಯೇ ಬೇರೆ: ಪತಿಯ ಸಮಾಧಿ ಇರುವುದು ಬೆಂಗಳೂರಿನಲ್ಲಿ, ನವೆಂಬರ್ 2ರ ಸತ್ತವರ ಸ್ಮರಣೆಯ ದಿನ ಅಲ್ಲಿ ಮೇಣದ ಬತ್ತಿ ಹಚ್ಚುವವರಾರು?

ಆ ದಂಪತಿಗಳೊಡನೆ ನಾವು ಮೂರು ಶನಿವಾರ ಮೈಸೂರಿನ ಬಡಾವಣೆಗಳನ್ನು ಸುತ್ತಿದೆವು. ಬೇರೆಯವರಿಗೂ ಉಪಯೋಗವಾದೀತೆಂದು ಕಂಡದ್ದನ್ನು ಬರೆಯುತ್ತೇವೆ.

ಮೈಸೂರು ಒಂದೇ ಊರಲ್ಲ. ಪ್ಲೇಗಿನ ಹಾವಳಿಯ ಬಳಿಕ 1903ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಳಿಯ ಕಾಲದಿಂದ ಬಡಾವಣೆಗಳು ಒಂದೊಂದಾಗಿ ಸೇರುತ್ತ ಬಂದ ಈ ಊರಿನಲ್ಲಿ ಒಂದೊಂದು ಬಡಾವಣೆಗೂ ಒಂದೊಂದು ನಡೆ-ನುಡಿ. ಯಾದವಗಿರಿ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ ಕಡೆ ಮರಗಳ ನೆರಳೂ ಅಗಲವಾದ ರಸ್ತೆಗಳೂ ಇವೆ. ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ಗೋಕುಲಂ ಯೋಗಾಭ್ಯಾಸಕ್ಕೆ ಬರುವ ವಿದೇಶೀಯರಿಂದ ಹೆಸರಾದ ಬಡಾವಣೆಯಾದ್ದರಿಂದ ಅಲ್ಲಿ ಬಾಡಿಗೆಯ ಮನೆಗೆ ಪೈಪೋಟಿ ಹೆಚ್ಚು. ಸರಸ್ವತಿಪುರಂ, ಕುವೆಂಪುನಗರಗಳಲ್ಲಿ ಮಧ್ಯಮ ವರ್ಗದ ಹಳೆಯ ಮನೆತನಗಳು ನೆಲೆಯೂರಿವೆ. ಉದ್ಯಾನ, ಅಂಗಡಿ, ಔಷಧಾಲಯ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿವೆ. ಚಾಮುಂಡಿ ಬೆಟ್ಟದ ಬದಿಯ ಸಿದ್ಧಾರ್ಥನಗರ ಪ್ರಶಾಂತ, ಆದರೆ ಸಂಜೆಯಾದರೆ ಮಾತಿಗೆ ಜನ ಸಿಗುವುದು ಕಷ್ಟವೆಂದು ಪತ್ನಿಯವರ ದೂರು. ಅವರ ಕಣ್ಣು ಮನೆಗಿಂತ ಹೆಚ್ಚಾಗಿ ಜಗಲಿಗಳ ಮೇಲಿತ್ತು ಎಂಬುದನ್ನು ನಾವು ಗಮನಿಸಿದೆವು.

ವಿದ್ಯಾರಣ್ಯಪುರಂ ಮತ್ತು ಅದರ ಆಸುಪಾಸಿನಲ್ಲಿ ಬೆಲೆ ಕಡಿಮೆಯೆಂದು ದಲ್ಲಾಳಿಯೊಬ್ಬರು ಉತ್ಸಾಹದಿಂದ ಕರೆದೊಯ್ದರು. ಆ ಭಾಗದ ಕಸ ಸಂಸ್ಕರಣಾ ಘಟಕದ ದುರ್ನಾತದ ಬಗ್ಗೆ ನಿವಾಸಿಗಳು ಬಹಳ ವರ್ಷ ಹೋರಾಡಿದ ಸಂಗತಿಯನ್ನು ಮಾತ್ರ ಅವರು ಹೇಳಲಿಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶದ ಮೊದಲ ಸ್ಥಾನ ಪಡೆದ ನಗರಕ್ಕೂ ತನ್ನ ಕಸವನ್ನು ಎಲ್ಲಿಯಾದರೂ ಹಾಕಲೇಬೇಕಲ್ಲವೇ? ಇಂತಹ ಕಡೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಗಾಳಿಯ ದಿಕ್ಕು ಬದಲಾದಾಗ ಮತ್ತೊಮ್ಮೆ ಹೋಗಿ ನಿಂತು ನೋಡದೆ ಮುಂಗಡ ಕೊಡಬಾರದು.

ಹೊರವಲಯದ ಬೋಗಾದಿ, ಹೂಟಗಳ್ಳಿ, ಶ್ರೀರಾಂಪುರ ಕಡೆ ಹೊಸ ಮನೆಗಳು ಕಣ್ಣಿಗೆ ಅಂದವಾಗಿ ಕಾಣುತ್ತವೆ. ಇವು ಮಹಾನಗರ ಪಾಲಿಕೆಯ ಎಲ್ಲೆಯ ಹೊರಗೆ ಬೆಳೆದ ಪ್ರದೇಶಗಳು. 2020ರಲ್ಲಿ ಹೂಟಗಳ್ಳಿಗೆ ನಗರಸಭೆಯೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳಿಗೆ ಪಟ್ಟಣ ಪಂಚಾಯಿತಿಗಳೂ ರಚನೆಗೊಂಡವು. ಆದುದರಿಂದ ಇಲ್ಲಿ ಮನೆ ನೋಡುವವರು ಮೂರು ಸಂಗತಿಗಳನ್ನು ತಪ್ಪದೆ ವಿಚಾರಿಸಬೇಕು. ಕಂದಾಯ ಯಾವ ಕಚೇರಿಗೆ ಸಲ್ಲುತ್ತದೆ? ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಉಂಟೇ? ನಲ್ಲಿಯಲ್ಲಿ ಬರುವುದು ನದಿಯ ನೀರೋ ಕೊಳವೆಬಾವಿಯದೋ? ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿಯೂ ಬಿದರಗೋಡಿನಿಂದ ಕಬಿನಿಯೂ ಮೈಸೂರಿಗೆ ನೀರುಣಿಸುತ್ತವೆ ಎಂಬುದು ದಿಟ. ಆದರೆ ಆ ನೀರು ಪ್ರತಿ ಖಾಸಗಿ ಬಡಾವಣೆಯ ಕೊನೆಯ ಮನೆಗೂ ತಲಪುತ್ತದೆಂದು ಯಾರೂ ಭರವಸೆ ಕೊಡಲಾರರು. ಬೆಂಗಳೂರಿನ ಟ್ಯಾಂಕರಿನಿಂದ ತಪ್ಪಿಸಿಕೊಂಡು ಮೈಸೂರಿನ ಟ್ಯಾಂಕರಿಗೆ ಕಾಯುವುದರಲ್ಲಿ ಅರ್ಥವಿಲ್ಲ. ಖಾತಾ, ಋಣಭಾರ ಪತ್ರ, ಮೂಲಪತ್ರಗಳನ್ನು ವಕೀಲರಿಗೆ ತೋರಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಸಂತ ಫಿಲೋಮಿನಾ ಪ್ರಧಾನಾಲಯದ ಸುತ್ತಲಿನ ಪ್ರದೇಶ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಈ ದೇವಾಲಯದ ಅವಳಿ ಗೋಪುರಗಳು ಕಾಣುವ ಲಷ್ಕರ್ ಮೊಹಲ್ಲಾ, ಎನ್.ಆರ್. ಮೊಹಲ್ಲಾ, ಗಾಂಧಿನಗರ, ಬನ್ನಿಮಂಟಪಗಳಲ್ಲಿ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ಇತರ ಧರ್ಮೀಯರೊಡನೆ ಬೆರೆತು ಬಾಳುತ್ತಿವೆ. ಇಲ್ಲಿ ಹಳೆಯ ಮನೆಗಳೇ ಹೆಚ್ಚು. ಅಶೋಕ ರಸ್ತೆಯ ಗದ್ದಲವೂ ಉಂಟು. ವಿಜಯದಶಮಿಯ ದಿನ ಜಂಬೂ ಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಬರುವಾಗ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಆದರೆ ಸಂತ ಜೋಸೆಫರ ಆಸ್ಪತ್ರೆ ಬನ್ನಿಮಂಟಪದಲ್ಲಿಯೇ ಇದೆ, 1906ರಿಂದ ಸೇವೆಯಲ್ಲಿರುವ ಮಿಷನ್ ಆಸ್ಪತ್ರೆಯೂ ಬಹಳ ದೂರವಿಲ್ಲ, ಹೃದ್ರೋಗಿಗಳಿಗೆ ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಸಂಸ್ಥೆಯಿದೆ. ತಾಯಿಯವರ ಸ್ಥಿತಿಯನ್ನು ನೆನೆದಾಗ ಯಜಮಾನರಿಗೆ ಇದು ಬೋಗಾದಿಯ ಹೊಸ ಮನೆಗಿಂತ ಮೇಲೆನಿಸಿತು. ವಯಸ್ಸಾದವರಿರುವ ಮನೆಯವರು ಬಡಾವಣೆಯನ್ನು ಆರಿಸುವಾಗ ರಾತ್ರಿ ಎರಡು ಗಂಟೆಗೆ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಮೊದಲು ಅಳೆಯಬೇಕು; ಉದ್ಯಾನದ ದೂರವನ್ನು ಆಮೇಲೆ ಅಳೆದರಾಯಿತು.

ಹಣದ ವಿಚಾರದಲ್ಲಿ ಒಂದು ಮಾತು. ಮನೆ ಮಾರಿ ಬಂದ ದೀರ್ಘಾವಧಿ ಲಾಭದ ಮೇಲೆ ತೆರಿಗೆಯುಂಟು. ಮಾರಿದ 2 ವರ್ಷಗಳೊಳಗೆ ಬೇರೊಂದು ವಾಸದ ಮನೆ ಕೊಂಡರೆ, ಅಥವಾ 3 ವರ್ಷಗಳೊಳಗೆ ಕಟ್ಟಿಸಿದರೆ, ಹೊಸ ಮನೆಗೆ ಹಾಕಿದ ಲಾಭದ ಮೊತ್ತಕ್ಕೆ ವಿನಾಯಿತಿ ದೊರೆಯುತ್ತದೆ. ಸಾಲ ತೀರಿಸಲೋ ಬ್ಯಾಂಕಿನಲ್ಲಿಡಲೋ ಬಳಸಿದ ಲಾಭಕ್ಕೆ ಈ ವಿನಾಯಿತಿ ಅನ್ವಯಿಸದು. ಯಜಮಾನರ ಎಣಿಕೆಯಲ್ಲಿ ಈ ತೆರಿಗೆಯ ಬಾಬ್ತೇ ಇರಲಿಲ್ಲ. ಲೆಕ್ಕಪರಿಶೋಧಕರು ಅದನ್ನು ಬರೆದು ತೋರಿಸಿದಾಗ ಉಳಿಯುವ ಹಣ ಅವರು ನೆನೆದಷ್ಟು ದೊಡ್ಡದಾಗಿ ಕಾಣಲಿಲ್ಲ. ಮಾರಾಟದ ದಿನದಿಂದಲೇ ಗಡುವು ಓಡಲಾರಂಭಿಸುತ್ತದಾದ್ದರಿಂದ, ಹೊಸ ಊರು ಹಿಡಿಸುತ್ತದೆಯೇ ಎಂದು ತಿಳಿಯುವ ಮೊದಲೇ ಹಳೆಯ ಮನೆ ಮಾರುವವರು ಅವಸರದಲ್ಲಿ ಮನೆ ಕೊಳ್ಳುವಂತಾಗುತ್ತದೆ. ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಮೈಸೂರಿನಲ್ಲಿ ತಾವೂ ಬಾಡಿಗೆಗಿದ್ದು, ಒಂದು ಮಳೆಗಾಲ, ಒಂದು ಬೇಸಿಗೆ ಕಳೆದು ನೋಡುವುದೇ ನಮಗೆ ಸರಿಯೆನಿಸುತ್ತದೆ.

ಧರ್ಮಕೇಂದ್ರದ ಕುರಿತು ಹೇಳುವುದಾದರೆ, ಗುರುಗಳನ್ನು ಮನೆ ಕೊಂಡ ಮೇಲಲ್ಲ, ಕೊಳ್ಳುವ ಮೊದಲೇ ಕಾಣುವುದು ಒಳ್ಳೆಯದು. ಕನ್ನಡದ ಬಲಿಪೂಜೆ ಯಾವ ವೇಳೆಗೆ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಮನೆಗೆ ಬರುತ್ತದೆಯೇ, ಬೀದಿಯಲ್ಲಿ ಜಪಮಾಲೆಗೆ ಸೇರುವ ಕುಟುಂಬಗಳೆಷ್ಟು ಎಂಬುದನ್ನು ಯಾವ ದಲ್ಲಾಳಿಯೂ ಹೇಳಲಾರ. ಬಾಗಿಲು ತಟ್ಟುವವರು ಯಾರೆಂಬ ಆ ಪತ್ನಿಯ ಪ್ರಶ್ನೆಗೆ ಅರ್ಧ ಉತ್ತರ ದೊರೆತದ್ದು ಹಾಗೆಯೇ: ಬನ್ನಿಮಂಟಪದ ಬಳಿ ನಾವು ನೋಡಿದ ಮನೆಯ ಎದುರಿಗೆ ನಿವೃತ್ತ ದಾದಿಯೊಬ್ಬರಿದ್ದಾರೆಂದೂ ಅವರು ವಾರಕ್ಕೊಮ್ಮೆ ಆ ಬೀದಿಯ ವೃದ್ಧರ ರಕ್ತದೊತ್ತಡ ನೋಡುತ್ತಾರೆಂದೂ ಗುರುಗಳೇ ತಿಳಿಸಿದರು.

ಆ ಮನೆಯ ನೆಲ ಅಂತಸ್ತನ್ನು ದಂಪತಿಗಳು ಹನ್ನೊಂದು ತಿಂಗಳ ಕರಾರಿಗೆ ಹಿಡಿದಿದ್ದಾರೆ. ಬೆಂಗಳೂರಿನ ಮನೆಯನ್ನು ಮಾರಿಲ್ಲ. ಅದರ ಬಾಡಿಗೆ ಸಾಲದ ಕಂತಿಗೆ ಹೋಗುತ್ತಿದೆ. ನವೆಂಬರ್ 2ರಂದು ಹಿರಿಯ ತಾಯಿಯವರನ್ನು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕರೆತರುವ ಹೊಣೆಯನ್ನು ಮೊಮ್ಮಗ ಹೊತ್ತಿದ್ದಾನೆ. ಹಳೆಯ ಧರ್ಮಕೇಂದ್ರದಿಂದ ಕುಟುಂಬ ಪತ್ರವನ್ನು ಅವರಿನ್ನೂ ವರ್ಗಾಯಿಸಿಕೊಂಡಿಲ್ಲ. ಕರಾರು ಮುಗಿಯುವ ವೇಳೆಗೆ ನಿರ್ಧರಿಸುವುದಾಗಿ ಯಜಮಾನರು ಹೇಳುತ್ತಾರೆ. ಪತ್ನಿ ಈಗಾಗಲೇ ಎದುರು ಮನೆಯವರ ಮೊಮ್ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡಲು ಆರಂಭಿಸಿದ್ದಾರೆ.