ತೊಡಕಿನ ಪಾಠದ ಫಲ

ಮಗುವು ಪದಗಳನ್ನು ತಡವರಿಸುತ್ತ ಕಲಿಯುವುದನ್ನು ಕಂಡೊಡನೆ ನಾವು ಮರುಗಿ ಪಾಠವನ್ನು ಸುಲಭಗೊಳಿಸುವುದುಂಟು. ಈ ಮರುಕವು ಯಾವಾಗಲೂ ಹಿತಕರವಲ್ಲ. ಜೋಡಿಪದಗಳ ಕಲಿಕೆಯನ್ನು ಪರೀಕ್ಷಿಸಿದ ಅಮೆರಿಕೆಯ ಮನಶ್ಶಾಸ್ತ್ರಜ್ಞ ವಿಲಿಯಂ ಬ್ಯಾಟಿಗ್ ಎಂಬವರು 1972ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಮುಂದಿಟ್ಟರು: ಪಾಠದೊಳಗಣ ಪದಗಳು ಒಂದಕ್ಕೊಂದು ತೊಡಕಾದರೆ ಕಲಿಕೆ ನಿಧಾನವಾಗುವುದು, ಆದರೆ ಹಾಗೆ ಕಲಿತುದು ಹೆಚ್ಚು ಕಾಲ ನಿಲ್ಲಬಹುದು, ಹೊಸ ಪಾಠಕ್ಕೂ ಒದಗಬಹುದು. ತೊಡಕನ್ನು ಗೆಲ್ಲಲು ಮನಸ್ಸು ನಾನಾ ಬಗೆಯಾಗಿ ದುಡಿಯುವುದೇ ಇದಕ್ಕೆ ಕಾರಣವೆಂದು ಅವರ ಅಭಿಪ್ರಾಯ.

ಆದುದರಿಂದ ‘ಬಲೆ–ಬಳೆ’, ‘ಹಾಲು–ಹಾಳು’, ‘ಬೆಲೆ–ಬೆಳೆ’ಗಳನ್ನು ಬೇರೆಬೇರೆ ದಿನ ಹೇಳಿಕೊಡದೆ, ಬೆರಸಿಯೇ ಕೇಳಿ ನೋಡೋಣ. ಎತ್ತಲಾರದ ಹೊರೆಯನ್ನು ಮಾತ್ರ ಹೊರಿಸದಿರೋಣ. ತಪ್ಪಿದಲ್ಲಿ ಒಡನೆಯೇ ತಿದ್ದೋಣ. ಇಂದಿನ ತಡವರಿಕೆಯನ್ನು ದಡ್ಡತನವೆಂದು ಗದರಿದರೆ, ನಾಳೆ ಕೈಹಿಡಿಯಬೇಕಾದ ಕಲಿಕೆಯನ್ನೇ ಮೊಳಕೆಯಲ್ಲಿ ಚಿವುಟಿದಂತಾದೀತು.